ವ್ಯಾಪಾರವಲಯ ಸುಧಾರಣೆಯೂ ಸಮ್ಮತಿಯ ಪ್ರಶ್ನೆಯೂ

ಅಂಗಡಿಬೀದಿಯೊಂದರ ಏಳಿಗೆಗಾಗಿ ಅಲ್ಲಿನವರೇ ವಿಶೇಷ ಕರವನ್ನು ಹೊರುವ ಪದ್ಧತಿ ಮೊದಲು ರೂಪುಗೊಂಡುದು ಕೆನಡಾದ ಟೊರಾಂಟೊ ನಗರದಲ್ಲಿ. 1968ರಲ್ಲಿ ಸುರಂಗ ರೈಲು ಪಶ್ಚಿಮಕ್ಕೆ ವಿಸ್ತರಿಸಿ, ಬ್ಲೂರ್ ಬೀದಿಯ ಟ್ರಾಂ ನಿಂತುಹೋದಾಗ, ಗಿರಾಕಿಗಳು ನೆಲದಡಿಯಲ್ಲೇ ಸಾಗಿಹೋಗತೊಡಗಿದರು. ಬೀದಿಯನ್ನು ಸಿಂಗರಿಸಲು ಹಣ ಬೇಕಾಯಿತು. ಆದರೆ ಚಂದಾ ಕೊಡದವನ ಅಂಗಡಿಯ ಮುಂದೆಯೂ ದೀಪ ಬೆಳಗುವುದಷ್ಟೆ! ಸ್ವಯಂಪ್ರೇರಿತ ಸಂಘಗಳ ನಿತ್ಯದ ತೊಡಕು ಇದೇ. ಆದುದರಿಂದ 1970ರಲ್ಲಿ ನಗರಸಭೆಯು ಉಪವಿಧಿಯೊಂದರಿಂದ ಬ್ಲೂರ್ ವೆಸ್ಟ್ ವಿಲೇಜ್ ವಲಯವನ್ನು ಸ್ಥಾಪಿಸಿತು. ಕರವನ್ನು ತಾನೇ ವಸೂಲುಮಾಡಿ ವಲಯದ ಮಂಡಲಿಗೆ ಒಪ್ಪಿಸುವ ಏರ್ಪಾಡಾಯಿತು.

ಕಡ್ಡಾಯವಾದ ಕರಕ್ಕೆ ಸಮ್ಮತಿಯನ್ನು ಅಳೆಯುವುದೆಂತು? ಒಂಟಾರಿಯೋ ಪ್ರಾಂತದ 2001ರ ಪೌರಾಡಳಿತ ಶಾಸನದಂತೆ, ತಿಳಿವಳಿಕೆ ಪತ್ರ ಪಡೆಯಲರ್ಹರಾದವರಲ್ಲಿ ಮೂರನೆಯ ಒಂದು ಭಾಗದವರು, ಕರದಲ್ಲಿಯೂ ಅಷ್ಟೇ ಪಾಲುಳ್ಳವರು, 60 ದಿನಗಳೊಳಗೆ ಆಕ್ಷೇಪಿಸಿದರೆ ಮಾತ್ರ ವಲಯಸ್ಥಾಪನೆ ನಿಲ್ಲುತ್ತದೆ. ಅಂದರೆ ಮೌನವೂ ಸಮ್ಮತಿಯೇ. ಬಾಡಿಗೆಯೊಡನೆ ಈ ಕರವನ್ನೂ ತೆರುವ ಸಣ್ಣ ಅಂಗಡಿಕಾರನ ದೃಷ್ಟಿಯಿಂದ ನೋಡಿದರೆ ಈ ಕ್ರಮ ನಮಗೆ ನ್ಯಾಯವಾಗಿ ತೋರುವುದಿಲ್ಲ. ಇಂಗ್ಲೆಂಡಿನ 2003ರ ಶಾಸನವು ಮತದಾನವನ್ನೇ ವಿಧಿಸಿದೆ: ಚಲಾಯಿತ ಮತಗಳ ಸಂಖ್ಯೆಯಲ್ಲಿಯೂ, ಮತವಿತ್ತವರ ಆಸ್ತಿಯ ಕರಾರ್ಹ ಮೌಲ್ಯದಲ್ಲಿಯೂ ಬಹುಮತ ದೊರೆಯಬೇಕು. ದೊಡ್ಡ ಮಳಿಗೆಯಾಗಲಿ ಸಣ್ಣ ಅಂಗಡಿಗಳ ಗುಂಪಾಗಲಿ ಒಂದನ್ನೊಂದು ಮೀರಲಾಗದು. ಐದು ವರ್ಷಗಳಾಚೆಗೆ ವಲಯ ಮುಂದುವರಿಯಬೇಕಾದರೆ ಮತ್ತೆ ಮತ ಕೇಳಲೇಬೇಕು.