ಹರೆಯದವರ ಬಾಯಲ್ಲಿ ಹರೆಯದ ಮಾತು

ಮಗುವಿನ ಮಾತನ್ನು ಬರೆಯುವುದು ಕಷ್ಟ. ಮುದುಕರ ಮಾತನ್ನು ಬರೆಯುವುದು ಅದಕ್ಕಿಂತ ಸುಲಭ. ಆದರೆ ಹದಿಮೂರು ತುಂಬಿ ಹತ್ತೊಂಬತ್ತು ದಾಟದ ಹುಡುಗ ಹುಡುಗಿಯರ ಮಾತನ್ನು ಕೇಳಿದವರು ನಂಬುವಂತೆ ಬರೆಯುವುದು ಇವೆರಡಕ್ಕಿಂತಲೂ ಬಿಗಿಯಾದ ಕೆಲಸ. ಮಗುವು ಮನಸ್ಸಿಗೆ ಬಂದುದನ್ನು ಆಡಿಬಿಡುವುದು. ಮುದುಕನು ಆಡಬೇಕಾದುದನ್ನು ಹಲವು ಸಲ ಆಡಿ ಮುಗಿಸಿರುವನು. ನಡುವಣ ವಯಸ್ಸಿನವರ ರೀತಿಯೇ ಬೇರೆ. ಅವರು ಹೇಳಬೇಕೆಂದಿರುವುದು ಒಂದು, ಬಾಯಿಗೆ ಬರುವುದು ಮತ್ತೊಂದು, ನುಂಗಿಕೊಳ್ಳುವುದು ಇನ್ನೊಂದು. ಈ ಮೂರನ್ನೂ ಒಂದೇ ವಾಕ್ಯದಲ್ಲಿ ಹಿಡಿಯಬಲ್ಲ ಲೇಖನಿಗೆ ಮಾತ್ರ ಹರೆಯದ ದನಿ ಒಲಿಯುವುದು.

ಇದು ಕಾದಂಬರಿಕಾರರಿಗೆ ಸಂಬಂಧಿಸಿದ ವಿಚಾರ, ನಮಗೇಕೆ ಎಂದು ಗೃಹಸ್ಥರು ಕೇಳಬಹುದು. ಆದರೆ ಈ ಕೆಲಸವನ್ನು ನಾವು ಮನೆಮನೆಯಲ್ಲಿಯೂ ಲೇಖನಿಯಿಲ್ಲದೆಯೇ ನಡೆಸುತ್ತಿದ್ದೇವೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರದಲ್ಲಿ ಗುಬ್ಬಿಯಿಂದಲೋ ಕುಣಿಗಲಿನಿಂದಲೋ ತುಮಕೂರಿನ ಕಾಲೇಜಿಗೆ ಬಂದ ತಂದೆಯು, “ನಮ್ಮ ಹುಡುಗನಿಗೆ ವಿಜ್ಞಾನವೇ ಬೇಕಂತೆ” ಎನ್ನುವನು. ಹುಡುಗನು ಪಕ್ಕದಲ್ಲಿ ನೆಲ ನೋಡುತ್ತ ನಿಂತಿರುವನು. ಹದಿನೆಂಟು ತುಂಬುವ ಮೊದಲು ಹೆಣ್ಣಿನ ಮದುವೆ ಮಾಡುವುದನ್ನು ೨೦೦೬ರ ಕಾಯಿದೆಯು ನಿಷೇಧಿಸಿದೆ. ತುಂಬಿದ ಮರುವರ್ಷವೇ ವರನ ಕಡೆಯವರ ಮುಂದೆ ತಾಯಿಯು, “ಹುಡುಗಿ ಒಪ್ಪಿದ್ದಾಳೆ” ಎನ್ನುವಳು. ಹುಡುಗಿಯು ಒಳಗೆ ಲೋಟಗಳನ್ನು ಜೋಡಿಸುತ್ತಿರುವಳು. ಇವೆರಡೂ ಹರೆಯದವರ ಪರವಾಗಿ ಹಿರಿಯರು ರಚಿಸಿದ ಮಾತುಗಳೇ. ಕಥೆಯಲ್ಲಿ ಹುಸಿ ದನಿಯನ್ನು ಬರೆದರೆ ಓದುಗನು ಪುಸ್ತಕವನ್ನು ಮುಚ್ಚಿಡುವನು, ಅಷ್ಟೆ. ಮನೆಯಲ್ಲಿ ಹುಸಿ ದನಿಯನ್ನು ಬರೆದರೆ ಒಂದು ಜೀವವು ತನ್ನದಲ್ಲದ ಮಾತಿಗೆ ಕಟ್ಟುಬಿದ್ದು ಬಾಳಬೇಕಾಗುವುದು. ಆದುದರಿಂದ ಈ ವಿದ್ಯೆಯ ಒಳಗುಟ್ಟನ್ನು ಅರಿಯುವುದು ಎಲ್ಲರಿಗೂ ಹಿತ.

ಇದನ್ನು ವಿಚಾರಿಸಲು ತುಮಕೂರು ಸೀಮೆಗೆ ವಿಶೇಷವಾದ ಹಕ್ಕುಂಟು. ೧೮೮೪ರಲ್ಲಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಹುಟ್ಟಿತು. ಅದೇ ವರ್ಷದ ಕೊನೆಯಲ್ಲಿ, ಸಮುದ್ರದಾಚೆ, ಅಮೆರಿಕದ ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್’ ಕಾದಂಬರಿಯು ಇಂಗ್ಲೆಂಡಿನಲ್ಲಿ ಮೊದಲು ಪ್ರಕಟವಾಯಿತು. ಶಾಲೆಗೆ ಒಗ್ಗದ ಒಬ್ಬ ಹುಡುಗನು ತನ್ನ ಕಥೆಯನ್ನು ತನ್ನ ಆಡುಮಾತಿನಲ್ಲಿಯೇ ಹೇಳಿಕೊಂಡು ಹೋಗುವ ಗ್ರಂಥವದು. ಅದನ್ನು ಬರೆದಾತನಿಗೆ ಆಗ ಐವತ್ತರ ಹತ್ತಿರದ ವಯಸ್ಸು. ಒಂದಕ್ಕೊಂದು ಅರಿಯದ ಈ ಎರಡು ಸಾಹಸಗಳ ಮುಂದೆಯೂ ಇದ್ದ ಪ್ರಶ್ನೆ ಒಂದೇ: ಚಿಕ್ಕವರ ಬಾಯಿಗೆ ದೊಡ್ಡವರು ಯಾವ ಮಾತನ್ನು ಕೊಡಬೇಕು?

ಗುಬ್ಬಿಯ ಕಂಪನಿಯ ಉತ್ತರವು ಆಯಾ ಕಾಲಕ್ಕೆ ತಕ್ಕಂತೆ ಬೆಳೆಯಿತು. ಅದರ ಯಜಮಾನರಾಗಿ ‘ನಾಟಕರತ್ನ’ರೆನಿಸಿದ ಗುಬ್ಬಿ ವೀರಣ್ಣನವರು (೧೮೯೧–೧೯೭೨) ಚಿಕ್ಕಂದಿನಲ್ಲಿಯೇ ಆ ರಂಗವನ್ನು ಏರಿದವರು. ಮುಂದೆ ರಾಜಕುಮಾರ್ ಎಂಬ ಹೆಸರಿನಿಂದ ನಾಡಿಗೆಲ್ಲ ಬೇಕಾದ ಮುತ್ತುರಾಜನು ತಂದೆ ಪುಟ್ಟಸ್ವಾಮಯ್ಯನವರೊಡನೆ ಬಾಲಕನಾಗಿ ಅಲ್ಲಿಗೆ ಬಂದನು. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆ ಬಿಟ್ಟು ಓಡಿಬಂದ ಹುಡುಗನೊಬ್ಬನಿಗೂ ಅಲ್ಲಿ ಆಶ್ರಯ ದೊರೆಯಿತು. ಆತನೇ ಮುಂದೆ ರಂಗಭೂಮಿಯ ದಿಗ್ಗಜರೆನಿಸಿದ ಬಿ. ವಿ. ಕಾರಂತರು (೧೯೨೯–೨೦೦೨). ವೈದೇಹಿಯವರು ನಿರೂಪಿಸಿದ ಕಾರಂತರ ಆತ್ಮಕಥೆಯ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಎಂದು. ಹದಿಹರೆಯದ ಸ್ಥಿತಿಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದರೆ ಇದಕ್ಕಿಂತ ಬೇರೆ ಶೀರ್ಷಿಕೆ ಬೇಕೇ?

ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಾಲನಟನ ಬಂಡವಾಳವೆಲ್ಲ ಅವನ ಕಂಠ. ಕಡೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಕೇಳುವಂತೆ ಏರಿದ ಶ್ರುತಿಯಲ್ಲಿ ಹಾಡಬೇಕು. ಆ ಕಂಠವು ಒಂದು ದಿನ ಒಡೆಯುವುದು. ಮೀಸೆ ಮೂಡುವ ಹೊತ್ತಿಗೆ ಪ್ರಹ್ಲಾದನ ಪಾತ್ರವು ಕೈಬಿಡುವುದು, ಹಿರಣ್ಯಕಶಿಪುವಿನ ಪಾತ್ರಕ್ಕೆ ಇನ್ನೂ ಎತ್ತರ ಸಾಲದು. ಪೌರಾಣಿಕ ನಾಟಕಗಳಲ್ಲಿ ಬಾಲಕನಿಗೆ ಪಾತ್ರವುಂಟು, ವೀರನಿಗೆ ಪಾತ್ರವುಂಟು. ಕಂಠ ಒಡೆದ ಹುಡುಗನಿಗೆ ಮಾತ್ರ ತಕ್ಕ ಪಾತ್ರ ಅಪರೂಪ. ನಮ್ಮ ಸಾಹಿತ್ಯದಲ್ಲಿಯೂ ಬಹುಕಾಲ ಹೀಗೆಯೇ ನಡೆಯಿತು.

ಪ್ರಹ್ಲಾದನೂ ಲೋಹಿತಾಶ್ವನೂ ತುಂಬಿದ ಗ್ರಂಥಭಾಷೆಯಲ್ಲಿ ಮಾತನಾಡಿದರೂ ನೋಡುವವರು ಕಣ್ಣೀರು ಸುರಿಸುತ್ತಿದ್ದರು. ಏಕೆಂದರೆ ಅವರು ಏನನ್ನು ಬಯಸುತ್ತಿದ್ದರೆಂಬುದು ಸ್ಪಷ್ಟವಾಗಿತ್ತು. ದನಿಯ ಸತ್ಯವು ಪದಗಳಿಗಿಂತ ಮೊದಲು ಬಯಕೆಯಲ್ಲಿರುವುದೆಂಬ ಪಾಠ ಇದರಿಂದ ದೊರೆಯುವುದು. ಆದರೆ ಪ್ರಹ್ಲಾದನಿಗೆ ಸಂಶಯವೆಂಬುದಿಲ್ಲ. ನಮ್ಮ ಮನೆಯ ಹದಿನೈದರ ಹುಡುಗನಿಗೆ ಬೆಳಗ್ಗೆ ಇದ್ದ ನಿಶ್ಚಯ ಸಂಜೆಗೆ ಇರದು. ಆದ್ದರಿಂದ ಪುರಾಣದ ಬಾಲಕನ ಅಚ್ಚಿನಲ್ಲಿ ಇಂದಿನ ಹುಡುಗನನ್ನು ಎರಕ ಹೊಯ್ದರೆ ಕೈಗೆ ಬರುವುದು ಬೊಂಬೆಯೇ ಹೊರತು ಹುಡುಗನಲ್ಲ.

ಆಡುಮಾತಿಗೆ ದಾರಿಯು ಹಾಸ್ಯದ ಬಾಗಿಲಿನಿಂದ ತೆರೆಯಿತು. ತುಮಕೂರಿಗೆ ಸಮೀಪದ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟವರು. ೧೯೩೪ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಮಾತು ಹಾಡುಗಳನ್ನು ಒದಗಿಸಿದವರೂ ಅವರೇ. ‘ಸದಾರಮೆ’ಯಲ್ಲಿ ಕಳ್ಳನಾಗಿ ಬಂದ ವೀರಣ್ಣನವರ ಮಾತಿಗೆ ಜನರು ಮುಗಿಬೀಳುತ್ತಿದ್ದರು. ಬೆಂಗಳೂರಿನಲ್ಲಿ ಟಿ. ಪಿ. ಕೈಲಾಸಂ ಅವರು ಇನ್ನೂ ಮುಂದೆ ಹೋಗಿ, ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಗೆಲ್ಲುವ ಹುಡುಗನ ಎದುರಿಗೆ ಪರೀಕ್ಷೆಯಲ್ಲಿ ಸೋತು ಮನುಷ್ಯತ್ವದಲ್ಲಿ ಗೆಲ್ಲುವ ಹುಡುಗನನ್ನು ನಿಲ್ಲಿಸಿದರು, ‘ಪೋಲಿ ಕಿಟ್ಟಿ’ಯಲ್ಲಿ ಶಾಲೆಯ ತುಂಟನನ್ನೇ ನಾಯಕನನ್ನಾಗಿ ಮಾಡಿದರು. ಮನೆಯಲ್ಲಿ ಆಡುವ ಕನ್ನಡವೇ, ಬೆರಕೆಯ ಇಂಗ್ಲಿಷಿನೊಡನೆ, ರಂಗದ ಮೇಲೆ ನಿಂತಿತು.

ಆದರೆ ಆಡುಮಾತನ್ನು ತಂದಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕುಣಿಗಲಿನ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ತುಮಕೂರಿನಲ್ಲಿ ಓದಬೇಕೆಂದು ಬಯಸಿರುವಳು, ತಂದೆಯನ್ನು ಕೇಳಬೇಕು. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಹಿರಿಯರ ಲೇಖನಿಯು ಅವಳ ಬಾಯಲ್ಲಿ ಹೀಗೆ ನುಡಿಸುವುದು: “ಪೂಜ್ಯ ತಂದೆಯವರೇ, ವಿದ್ಯೆಯೇ ಹೆಣ್ಣಿಗೆ ನಿಜವಾದ ಭೂಷಣ. ನನ್ನನ್ನು ಉನ್ನತ ವ್ಯಾಸಂಗಕ್ಕೆ ಕಳುಹಿಸಿ ನನ್ನ ಬಾಳನ್ನು ಬೆಳಗಿಸಿರಿ.” ಇದು ಹುಡುಗಿಯ ಮಾತಲ್ಲ, ಅಧ್ಯಕ್ಷರ ಭಾಷಣ. ಇದನ್ನು ತಿದ್ದಹೊರಟ ಮತ್ತೊಬ್ಬರು ಹೀಗೆ ಬರೆಯುವರು: “ಡ್ಯಾಡಿ, ತುಮಕೂರು ಕಾಲೇಜು ಸಖತ್ತಾಗಿದೆ, ಫುಲ್ ಮಜಾ, ಕಳಿಸ್ಬಿಡು!” ಇದೂ ಹುಡುಗಿಯಲ್ಲ, ಹುಡುಗಿಯ ವೇಷ ಹಾಕಿದ ಹಿರಿಯರು. ಕಿವಿಗೊಟ್ಟು ಕೇಳಿದವರು ಬಹುಶಃ ಹೀಗೆ ಬರೆದಾರು:

“ಅಪ್ಪ, ತುಮಕೂರಿಗೆ ಬೆಳಿಗ್ಗೆ ಏಳಕ್ಕೇ ಬಸ್ಸೈತಂತೆ.”

“ಯಾರಂದ್ರು?”

“ಯಾರೂ ಇಲ್ಲ. ಸುಮ್ನೆ ಕೇಳ್ದೆ.”

“ಈಗ್ಯಾಕದು?”

“ಏನಿಲ್ಲ. ಎಮ್ಮೆಗೆ ನೀರು ನಾನೇ ಇಡ್ತೀನಿ, ನೀನ್ ಕೂತ್ಕೊ.” ಬಾಗಿಲ ಹತ್ತಿರ ಹೋಗಿ, “ಸಾಯಂಕಾಲ ಆರಕ್ಕೆಲ್ಲ ವಾಪಸ್ ಬಂದ್ಬಿಡಬೌದಂತೆ.”

ಇಲ್ಲಿ ಓದಿನ ಮಾತೇ ಇಲ್ಲ. ಆದರೂ ತಂದೆಗೂ ಓದುಗರಿಗೂ ಎಲ್ಲವೂ ತಿಳಿಯಿತು. ಬಸ್ಸಿನ ವೇಳೆಯನ್ನು ವಿಚಾರಿಸಿಕೊಂಡಿರುವಳು, ಮನೆಗೆಲಸವು ಕೆಡದೆಂದು ತೋರಿಸುತ್ತಿರುವಳು, ಕತ್ತಲಾಗುವ ಮೊದಲೇ ಮರಳುವೆನೆಂದು ತಂದೆಯ ಭಯಕ್ಕೆ ಉತ್ತರ ಕೊಡುತ್ತಿರುವಳು. ‘ಇಲ್ಲ’ ಎಂಬ ಮಾತು ಬರಬಾರದೆಂದು ಪ್ರಶ್ನೆಯನ್ನೇ ಕೇಳದೆ ಬಿಟ್ಟಿರುವಳು. ಇದೇ ಹುಡುಗಿಯು ಗೆಳತಿಯ ಬಳಿ, “ನಮ್ಮಪ್ಪ ಬಿಡಲ್ಲ ಕಣೇ. ಬಿಡ್ದಿದ್ರೆ ಬೇಡ, ನಂಗೇನಂತೆ” ಎನ್ನುವಳು. ಮೇಷ್ಟರ ಮುಂದೆ, “ಕೇಳ್ತೀನಿ ಸಾರ್” ಎಂದಷ್ಟೇ ನುಡಿಯುವಳು. ಒಬ್ಬಳಿಗೆ ಮೂರು ದನಿ, ಮೂರೂ ಅವಳವೇ. ಎಲ್ಲರ ಮುಂದೆಯೂ ಒಂದೇ ಬಗೆಯಾಗಿ ಮಾತನಾಡುವ ಹರೆಯದವರು ಕಾಗದದ ಮೇಲೆ ಮಾತ್ರ ಇರುವರು.

ಇದರಿಂದ ಕೆಲವು ನಿಯಮಗಳನ್ನು ಹೆಕ್ಕಿಕೊಳ್ಳಬಹುದು. ಮೊದಲನೆಯದು, ಬಚ್ಚಿಟ್ಟುದೇನೆಂಬುದನ್ನು ಬರೆಯುವವನು ಮೊದಲು ತಿಳಿದಿರಬೇಕು. ಆಡಿದ ಮಾತು ಆ ಬಚ್ಚಿಟ್ಟುದರ ಮುಚ್ಚಳವಾಗಿರಬೇಕು.

ಎರಡನೆಯದು, ಅಳತೆಯು ಅವರದಾಗಿರಬೇಕು. ತರಗತಿಯಲ್ಲಿ ಯಾರೋ ನಕ್ಕರೆಂಬುದು ನಮಗೆ ಸಣ್ಣ ಸಂಗತಿ. ಹದಿನಾಲ್ಕು ವರ್ಷದವಳಿಗೆ ಅದು ಮನೆ ಬಿದ್ದಂತೆ. ಜಮೀನಿನ ಸಾಲವು ನಮಗೆ ದೊಡ್ಡದು. ಅವಳು ಅದನ್ನು ಒಂದು ಅರೆವಾಕ್ಯದಲ್ಲಿ ದಾಟಿಹೋದಾಳು. ದೊಡ್ಡದನ್ನು ಸಣ್ಣದಾಗಿಯೂ ಸಣ್ಣದನ್ನು ದೊಡ್ಡದಾಗಿಯೂ ಹೇಳುವಲ್ಲಿ ನಗೆಯಾಡದ ಲೇಖಕನೇ ನಂಬಿಕೆಗೆ ಪಾತ್ರನು.

ಮೂರನೆಯದು, ಮುಂದಾಗುವುದನ್ನು ಅರಿತ ಜಾಣ್ಮೆಯು ಅವರ ಮಾತಿನಲ್ಲಿ ಸೇರಬಾರದು. “ಈ ದಿನಗಳು ಮರಳಿ ಬಾರವು” ಎಂಬುದು ಐವತ್ತರ ನಿಟ್ಟುಸಿರು. ಹದಿನಾರಕ್ಕೆ ಈ ದಿನಗಳು ಎಂದು ಮುಗಿದಾವೋ ಎಂಬ ಆತುರ. ವೀರಣ್ಣನವರ ‘ಕಲೆಯೇ ಕಾಯಕ’ದಂಥ ಆತ್ಮಕಥೆಗಳಲ್ಲಿ ಹಿರಿಯರು ತಮ್ಮ ಬಾಲ್ಯವನ್ನು ನೆನೆಯುವುದು ಸಹಜವೂ ಅಮೂಲ್ಯವೂ ಹೌದು, ಆದರೆ ನೆನೆಯುವ ದನಿ ಬೇರೆ, ಬದುಕುತ್ತಿರುವವರ ದನಿ ಬೇರೆ.

ನಾಲ್ಕನೆಯದು, ಉಚ್ಚಾರದ ಚಿತ್ರವನ್ನು ಮಿತವಾಗಿ ಬಿಡಿಸಬೇಕು. ಈ ಸೀಮೆಯ ಹಳ್ಳಿಗಳಲ್ಲಿ ಹಲವರು ‘ಹಾಲು’ ಎಂಬುದನ್ನು ‘ಆಲು’ ಎನ್ನುವುದುಂಟು. ಹಾಗೆ ಬಿದ್ದ ಪ್ರತಿಯೊಂದು ಹಕಾರವನ್ನೂ ಅಚ್ಚಿನಲ್ಲಿ ಎಣಿಸಿ ತೋರಿಸಿದರೆ ಓದುಗನು ಮಾತನ್ನು ಬಿಟ್ಟು ಉಚ್ಚಾರಕ್ಕೆ ನಗುವನು. ಅದೇ ಊರಿನ ಮಗುವು ತನ್ನ ನಾಲಗೆಗೆ ನಾಚುವುದು. ‘ಐತೆ’, ‘ಕಣೇ’, ‘ಏನ್ಲಾ’ ಎಂಬ ನಾಲ್ಕಾರು ಮಾತುಗಳು ತಕ್ಕ ಸ್ಥಳದಲ್ಲಿದ್ದರೆ ಊರು ತಾನಾಗಿಯೇ ಕೇಳಿಸುವುದು. ೨೦೧೮ರಲ್ಲಿ ಬಂದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರದ ಹುಡುಗರು ತಮ್ಮ ಕಡೆಯ ಕನ್ನಡವನ್ನು ಸಂಕೋಚವಿಲ್ಲದೆ ಆಡಿದರು. ಆ ಮಾತಿನ ಪರಿಚಯವಿಲ್ಲದ ಬಯಲುಸೀಮೆಯವರೂ ಅವರನ್ನು ಮೆಚ್ಚಿಕೊಂಡರು.

ಐದನೆಯದು, ಆಯಾ ವರ್ಷದ ಮೋಜಿನ ಮಾತುಗಳನ್ನು ನಂಬಬಾರದು. ಹರೆಯದವರ ಪದಗಳು ಸಂತೆಯ ಹೂವಿನಂತೆ ಬೇಗ ಬಾಡುವುವು. ನಾವು ಕಲಿತು ಬರೆಯುವಷ್ಟರಲ್ಲಿ ಅವರು ಬೇರೆಯದನ್ನು ಮುಡಿದಿರುವರು. ಆದರೆ ಮಾತಿನ ಗತಿ, ಅರ್ಧಕ್ಕೆ ನಿಲ್ಲಿಸುವುದು, ಉತ್ತರದ ಬದಲು ಪ್ರಶ್ನೆ ಹಾಕುವುದು—ಇವು ಬಾಡುವುದಿಲ್ಲ.

ಇಷ್ಟನ್ನೂ ಕಲಿಯುವ ಪಾಠಶಾಲೆ ಎಲ್ಲಿದೆ? ಬೆಳಗಿನ ಹೊತ್ತು ಗುಬ್ಬಿಯಿಂದ ತುಮಕೂರಿಗೆ ಬರುವ ರೈಲಿನಲ್ಲಿದೆ. ಕುಣಿಗಲಿನ ಬಸ್ಸಿನ ಹಿಂದಿನ ಸಾಲಿನಲ್ಲಿದೆ. ಸಿದ್ಧಗಂಗೆಯಂಥ ಮಠದಲ್ಲಿ ಸಹಸ್ರಾರು ವಿದ್ಯಾರ್ಥಿಗಳು ಊಟಕ್ಕೆ ಕುಳಿತ ಪಂಕ್ತಿಯಲ್ಲಿದೆ. ಎಲ್ಲಕ್ಕಿಂತ ಹತ್ತಿರವಾಗಿ, ನಮ್ಮ ಅಡುಗೆಮನೆಯಲ್ಲಿದೆ. ಆದರೆ ಕೇಳುವುದು ಬೇರೆ, ಕದ್ದು ಕೇಳುವುದು ಬೇರೆ. ಮಕ್ಕಳ ದಿನಚರಿಯನ್ನು ಅವರಿಗೆ ತಿಳಿಯದಂತೆ ತೆರೆದು ಓದಿದವರಿಗೆ ಪದಗಳು ಸಿಕ್ಕಾವು, ನಂಬಿಕೆಯು ಹೋದೀತು. ನಂಬಿಕೆ ಹೋದ ಮನೆಯಲ್ಲಿ ಮುಂದೆ ಕೇಳಲು ಯಾವ ದನಿಯೂ ಉಳಿಯದು.

ದಿನಚರಿಯ ಮಾತು ಬಂದಾಗ ಆನ್ ಫ್ರಾಂಕಳನ್ನು ನೆನೆಯದಿರಲಾಗದು. ೧೯೪೨ರ ಜೂನಿನಲ್ಲಿ, ಹದಿಮೂರು ತುಂಬಿದ ಹುಟ್ಟುಹಬ್ಬಕ್ಕೆ ಬಂದ ಪುಸ್ತಕದಲ್ಲಿ ಅವಳು ಬರೆಯತೊಡಗಿದಳು. ಆ ಬಳಿಕ ಎರಡು ವರ್ಷ ಆಂಸ್ಟರ್‌ಡಾಮಿನ ಗುಪ್ತಗೃಹವೊಂದರಲ್ಲಿ ಅಡಗಿದ್ದು ಬರೆದಳು. ಯುದ್ಧಕಾಲದ ದಿನಚರಿಗಳನ್ನು ಕಾಪಾಡಬೇಕೆಂಬ ಕರೆಯನ್ನು ೧೯೪೪ರಲ್ಲಿ ರೇಡಿಯೋದಲ್ಲಿ ಕೇಳಿ, ತಾನು ಬರೆದುದನ್ನು ತಾನೇ ತಿದ್ದಿ ಮತ್ತೆ ಬರೆಯಲು ಕುಳಿತಳು. ಮರುವರ್ಷ ಸೆರೆಶಿಬಿರದಲ್ಲಿ ತೀರಿಕೊಂಡಳು. ೧೯೪೭ರಲ್ಲಿ ತಂದೆಯು ಅದನ್ನು ಪ್ರಕಟಿಸಿದನು. ಹರೆಯದ ದನಿಯೆಂದರೆ ತಿದ್ದದೆ ಹೊರಬಿದ್ದ ಗದ್ದಲವೆಂದು ತಿಳಿದವರಿಗೆ ಇದು ಉತ್ತರ. ತಮ್ಮ ಮಾತನ್ನು ತಾವೇ ತೂಗಿ ತಿದ್ದಿಕೊಳ್ಳುವ ಶಕ್ತಿಯು ಹರೆಯದವರಲ್ಲಿಯೂ ಉಂಟು; ಆ ತಿದ್ದುವ ಹಕ್ಕು ಮೊದಲು ಅವರದು.

ಹೀಗಿರುವಲ್ಲಿ ಶಾಲೆಯ ನಾಟಕವನ್ನು ಬರೆಯುವ ಉಪಾಧ್ಯಾಯರು ಒಂದು ಕೆಲಸ ಮಾಡಬಹುದು. ಬರೆದುದನ್ನು ಅಭ್ಯಾಸಕ್ಕೆ ಮುನ್ನ ಹುಡುಗರ ಕೈಗೆ ಕೊಟ್ಟು, “ನೀವು ಹೀಗೆ ಅನ್ನುತ್ತೀರಾ?” ಎಂದು ಕೇಳಲಿ, ಅವರು ನಕ್ಕ ವಾಕ್ಯವನ್ನು ಹೊಡೆದುಹಾಕಲಿ, ಸುಮ್ಮನಾದ ವಾಕ್ಯವನ್ನು ಉಳಿಸಿಕೊಳ್ಳಲಿ, ಏಕೆಂದರೆ ಅಲ್ಲಿ ಏನೋ ತಾಗಿರುವುದು. ತಂದೆತಾಯಿಗಳ ಕೆಲಸ ಇದಕ್ಕಿಂತಲೂ ಸಣ್ಣದು, ಇದಕ್ಕಿಂತಲೂ ಕಠಿಣ. ಮಗನಿಗೆ ಹದಿನಾರು ತುಂಬಿದ ಮೇಲೆ ಗೆಳೆಯನಂತೆ ನಡೆಸಿಕೊಳ್ಳಬೇಕೆಂದು ನಮ್ಮ ಹಿಂದಿನವರು ಹೇಳಿದರು; ಮಗಳಿಗೂ ಅದೇ ಮಾತು ಸಲ್ಲುವುದು. ಕಾಲೇಜಿನ ಮೇಜಿನ ಮುಂದಾಗಲಿ, ಬೀಗರಾಗಬಯಸುವವರ ಮುಂದಾಗಲಿ, ಅವರ ಸಾಲು ಬಂದಾಗ ನಾವು ಬಾಯಿ ತೆರೆಯದೆ ಒಂದು ಕ್ಷಣ ಕಾದುಕೊಂಡಿರಬೇಕು. ಉತ್ತರವು ಬಸ್ಸಿನ ವೇಳೆಯ ರೂಪದಲ್ಲಿಯೇ ಬಂದೀತು, ಎಮ್ಮೆಯ ನೀರಿನ ರೂಪದಲ್ಲಿಯೇ ಬಂದೀತು. ಬಂದಾಗ ಅದನ್ನು ಅವರ ಮಾತೆಂದು ಗುರುತಿಸುವ ಕಿವಿಯು ನಮಗಿರಲಿ.