ತಿಮಿಂಗಿಲಗಳ ಲೆಕ್ಕ

ಸಮುದ್ರದ ಗಾಳಿಯೇ ಸೋಕದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ವಿದ್ಯಾರ್ಥಿಗಳಿಗೆ ತಿಮಿಂಗಿಲದ ಗೊಡವೆ ಏಕೆಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನನಗೂ ಈ ವಿಷಯ ಹೊಳೆದದ್ದು ಕಡಲ ದಂಡೆಯಲ್ಲಲ್ಲ, ಸೂಳೆಕೆರೆಯ ಏರಿಯ ಮೇಲೆ. ಕಳೆದ ಚಳಿಗಾಲದ ಒಂದು ಮುಂಜಾನೆ ಅಲ್ಲಿ ನಿಂತು ನೀರಹಕ್ಕಿಗಳನ್ನು ನೋಡುತ್ತಿದ್ದಾಗ, ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು, "ಇದೇನು ಹಕ್ಕಿ ಬಿಡಪ್ಪ, ನಾವು ಹುಡುಗರಾಗಿದ್ದಾಗ ಹಕ್ಕಿ ಕೂತರೆ ನೀರೇ ಕಾಣ್ತಿರಲಿಲ್ಲ" ಎಂದರು. ಜೊತೆಗಿದ್ದ ಇನ್ನೊಬ್ಬರು ಒಪ್ಪಲಿಲ್ಲ. "ಹೋದ ವರ್ಷಕ್ಕಿಂತ ಈ ವರ್ಷವೇ ಜಾಸ್ತಿ" ಎಂದು ವಾದಿಸಿದರು. ಇಬ್ಬರಲ್ಲಿ ಯಾರ ಮಾತು ದಿಟ? ತೀರ್ಪು ಕೊಡಲು ನನ್ನ ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದೆಂಬುದು ಆಮೇಲೆ ತಿಳಿಯಿತು. ಅದನ್ನು ತಿಳಿಸಿಕೊಟ್ಟದ್ದು ತಿಮಿಂಗಿಲಗಳ ಲೆಕ್ಕ.

ಜಗಳೂರಿನ ಕುರಿಗಾಹಿ ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಕುರಿಗಳನ್ನು ಎಣಿಸಿದಂತೆ ತಿಮಿಂಗಿಲವನ್ನು ಎಣಿಸಲಾಗದು. ಅದು ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡಿಸುವ ಸಸ್ತನಿ. ಉಸಿರಿಗಾಗಿ ಮೇಲೆ ಬಂದ ಕ್ಷಣದಲ್ಲಿ ಮಾತ್ರ ಕಣ್ಣಿಗೆ ಬೀಳುವುದು; ಉಳಿದ ಕಾಲವೆಲ್ಲ ನೀರೊಳಗೆ. ಗಾಳಿ ಎದ್ದರೆ, ಮಂಜು ಕವಿದರೆ, ನೋಡುವವನು ಊಟಕ್ಕೆ ಕುಳಿತರೆ ಅದು ಲೆಕ್ಕದಿಂದ ತಪ್ಪಿಹೋಗುವುದು. ಆದ್ದರಿಂದ ಒಂದು ವರ್ಷದ ಅಂಕಿ ಎಷ್ಟೇ ಶ್ರಮದಿಂದ ಬಂದಿದ್ದರೂ ತಾನೊಂದೇ ಹೆಚ್ಚೇನನ್ನೂ ಹೇಳಲಾರದು.

ನ್ಯೂಜಿಲೆಂಡಿನ ಎರಡು ದೊಡ್ಡ ದ್ವೀಪಗಳ ನಡುವೆ ಕುಕ್ ಜಲಸಂಧಿ ಇದೆ. ಅಲ್ಲಿ ಪೆರಾನೊ ಎಂಬ ಮನೆತನದವರು ನಡೆಸುತ್ತಿದ್ದ ತಿಮಿಂಗಿಲ ಬೇಟೆಯ ಕೇಂದ್ರವು 1964ರಲ್ಲಿ ಮುಚ್ಚಿತು. ನಲವತ್ತು ವರ್ಷಗಳ ಅನಂತರ, 2004ರಲ್ಲಿ, ಆ ಹಳೆಯ ಬೇಟೆಗಾರರೇ ಗುಡ್ಡದ ಮೇಲಿನ ಕಾವಲಿಗೆ ಮತ್ತೆ ಹತ್ತಿದರು. ಕೈಯಲ್ಲಿ ಈಟಿಯಿಲ್ಲ, ದುರ್ಬೀನು ಮಾತ್ರ. ದೂರದ ನೀರಿನ ಚಿಲುಮೆಯನ್ನು ಕಂಡು ಇಂಥದೇ ತಿಮಿಂಗಿಲವೆಂದು ಹೇಳಬಲ್ಲ ಕಣ್ಣು ಅವರಿಗಿಂತ ಯಾರಿಗಿದ್ದೀತು? ಸರ್ಕಾರದ ಸಂರಕ್ಷಣಾ ಇಲಾಖೆಯೊಡನೆ ಸೇರಿ, 2015ರವರೆಗೆ ಪ್ರತಿ ಚಳಿಗಾಲದಲ್ಲೂ ಕೆಲವು ವಾರ ಕುಳಿತು, ಹಾದುಹೋಗುವ ಗೂನುಬೆನ್ನಿನ ತಿಮಿಂಗಿಲಗಳನ್ನು ಎಣಿಸಿದರು. 2012ರಲ್ಲಿ ಕಂಡದ್ದು 106. ಮರುವರ್ಷ 59. ಈ ಎರಡು ಅಂಕಿಗಳನ್ನಷ್ಟೇ ನೋಡಿದವನು ಅರ್ಧಕ್ಕರ್ಧ ಹೋದುವೆಂದು ಎದೆ ಬಡಿದುಕೊಳ್ಳುತ್ತಿದ್ದ. ಆದರೆ 2015ರಲ್ಲಿ 137 ಕಂಡವು. ಏರುಪೇರುಗಳ ನಡುವೆಯೂ ಸಂತತಿ ಚೇತರಿಸುತ್ತಿದೆಯೆಂಬುದು ಹನ್ನೆರಡು ವರ್ಷಗಳ ಸಾಲನ್ನು ಒಟ್ಟಿಗೆ ನೋಡಿದಾಗಲೇ ಕಾಣುವುದು. ಸೂಳೆಕೆರೆಯ ಆ ಇಬ್ಬರ ಜಗಳವೂ ಇಂಥದೇ: ಒಬ್ಬರು ಎರಡು ವರ್ಷವನ್ನು ಹೋಲಿಸಿದರು, ಇನ್ನೊಬ್ಬರು ಐವತ್ತು ವರ್ಷವನ್ನು.

ಲೆಕ್ಕ ಯಾವಾಗಲೂ ಶುಭವನ್ನೇ ನುಡಿಯುವುದಿಲ್ಲ. ಗೂನುಬೆನ್ನಿನ ತಿಮಿಂಗಿಲದ ಬಾಲದ ಅಡಿಭಾಗದ ಕಪ್ಪು ಬಿಳಿ ಗುರುತುಗಳು ನಮ್ಮ ಹೆಬ್ಬೆರಳ ಗುರುತಿನಂತೆ ಒಂದಕ್ಕೊಂದು ಹೋಲವು. ಪ್ರವಾಸಿಗರು, ದೋಣಿಯವರು, ವಿದ್ವಾಂಸರು ವರ್ಷಾನುವರ್ಷ ತೆಗೆದ ಇಂಥ ಚಿತ್ರಗಳನ್ನು ಒಟ್ಟುಗೂಡಿಸಿ 2024ರಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ಉತ್ತರ ಪೆಸಿಫಿಕ್ ಸಾಗರದಲ್ಲಿ 2012ರಲ್ಲಿ ಸುಮಾರು 33,500 ಇದ್ದ ಈ ತಿಮಿಂಗಿಲಗಳು 2021ರ ವೇಳೆಗೆ ಸುಮಾರು 26,700ಕ್ಕೆ ಇಳಿದಿದ್ದವು. 2014ರಿಂದ 2016ರವರೆಗೆ ಆ ಸಾಗರದ ನೀರು ಅಸಾಧಾರಣವಾಗಿ ಬಿಸಿಯಾಗಿ ಆಹಾರ ಕ್ಷೀಣಿಸಿದುದೇ ಮುಖ್ಯ ಕಾರಣವೆಂದು ಅವರ ತೀರ್ಮಾನ. ಬೇಟೆ ನಿಂತಿತು, ಇನ್ನು ಚಿಂತೆಯಿಲ್ಲ ಎಂದು 2012ರಲ್ಲಿಯೇ ಎಣಿಕೆಯನ್ನು ಕೈಬಿಟ್ಟಿದ್ದರೆ, ಸುಮಾರು ಏಳು ಸಾವಿರ ಜೀವಗಳು ಸದ್ದಿಲ್ಲದೆ ಹೋಗಿರುತ್ತಿದ್ದವು.

ಚೀನದ ಯಾಂಗ್‌ಟ್ಸೆ ನದಿಯ ಬೈಜಿ ಎಂಬ ಡಾಲ್ಫಿನ್ನಿನ ಕಥೆ ಇನ್ನೂ ದುಃಖಕರ. 1997ರ ಸಮೀಕ್ಷೆಯಲ್ಲಿ ಕಂಡವು 13. 2006ರಲ್ಲಿ ಎರಡು ಹಡಗುಗಳಲ್ಲಿ ಆರು ವಾರ ಹುಡುಕಿದರೂ ಒಂದೂ ಸಿಗಲಿಲ್ಲ.

ನಮ್ಮ ದೇಶದಲ್ಲಿ 2021ರಿಂದ 2023ರವರೆಗೆ ಇಪ್ಪತ್ತೆಂಟು ನದಿಗಳಲ್ಲಿ 8,507 ಕಿಲೋಮೀಟರು ಸಂಚರಿಸಿ ನದಿ ಡಾಲ್ಫಿನ್ನುಗಳ ಗಣತಿ ನಡೆಯಿತು. 2025ರಲ್ಲಿ ಪ್ರಕಟವಾದ ಅಂದಾಜು 6,327. ಇದು ಸಮಾಧಾನದ ಅಂಕಿಯೋ ಆತಂಕದ ಅಂಕಿಯೋ? ಇಷ್ಟು ವ್ಯಾಪಕವಾದ ಗಣತಿ ಇದೇ ಮೊದಲನೆಯದಾದ್ದರಿಂದ, ಇದರ ಪಕ್ಕಕ್ಕೆ ಎರಡನೆಯ ಅಂಕಿ ಬರುವವರೆಗೆ ಕಾಯಬೇಕು. ನಮ್ಮ ಕಾರವಾರದ ಕಡೆಯ ಗೂನುಬೆನ್ನಿನ ಡಾಲ್ಫಿನ್ ದಡಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲೇ ಬಾಳುವುದರಿಂದ, ಅದನ್ನು ದಿನವೂ ಕಾಣುವವರು ಮೀನುಗಾರರು. ಅಂಥವರು ಕಂಡದ್ದನ್ನೂ, ದಡಕ್ಕೆ ಬಿದ್ದ ಕಳೇಬರಗಳ ವಿವರವನ್ನೂ ಬರೆದಿಡಲು ಭಾರತದಲ್ಲಿ ಸಾಗರ ಸಸ್ತನಿಗಳ ಸಂಶೋಧಕರ ಜಾಲವೊಂದು ಏರ್ಪಟ್ಟಿದೆ.

ಸ್ವಯಂಸೇವಕರ ಲೆಕ್ಕವನ್ನು ನಂಬಬಹುದೆ ಎಂದು ನಮ್ಮ ಅಧ್ಯಾಪಕರು ಹುಬ್ಬೇರಿಸಿಯಾರು. ಒಂದೇ ಡಾಲ್ಫಿನ್ನನ್ನು ಮೂರು ಸಲ ಎಣಿಸಿ ಮೂರು ಎನ್ನುವ ಉತ್ಸಾಹಿಗಳು ಇದ್ದೇ ಇರುವರು. ಅದಕ್ಕೆ ಮದ್ದು ಕಟ್ಟುಪಾಡು. ಹವಾಯಿ ದ್ವೀಪಗಳಲ್ಲಿ 1996ರಿಂದ ನಡೆದುಬಂದ ಗಣತಿಯಲ್ಲಿ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳ ಕೊನೆಯ ಶನಿವಾರ ಬೆಳಿಗ್ಗೆ ಸ್ವಯಂಸೇವಕರು ಗೊತ್ತಾದ ಸ್ಥಳಗಳಲ್ಲಿ ಕುಳಿತು ಹದಿನೈದು ಹದಿನೈದು ನಿಮಿಷಗಳ ಲೆಕ್ಕವನ್ನು ಬೇರೆಬೇರೆಯಾಗಿ ಬರೆಯುವರು. ಎಷ್ಟು ಕಂಡಿತೆಂಬುದರಷ್ಟೇ ಮುಖ್ಯ, ಎಷ್ಟು ಹೊತ್ತು ನೋಡಿದೆವೆಂಬುದು. ಏನೂ ಕಾಣದಿದ್ದರೆ ಸೊನ್ನೆ ಬರೆಯಬೇಕು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸವೆಂದು ನನಗೆ ತೋರುತ್ತದೆ. ಚಳಿಯಲ್ಲಿ ನಡುಗುತ್ತ ಕುಳಿತು ಸೊನ್ನೆಯೊಡನೆ ಮನೆಗೆ ಹಿಂದಿರುಗಲು ಯಾರಿಗೆ ಮನಸ್ಸು ಬಂದೀತು? ಆದರೆ ಆ ಸೊನ್ನೆ ಇಲ್ಲದೆ ಉಳಿದ ಅಂಕಿಗಳಿಗೆ ಬೆಲೆಯಿಲ್ಲ.

ಇಂಥ ಕೆಲಸವನ್ನು ವಿದ್ಯಾರ್ಥಿಗಳು ನಡೆಸಬಲ್ಲರೆಂಬುದಕ್ಕೆ ಚೆನ್ನೈ ನಿದರ್ಶನ. ಅಲ್ಲಿ 1988ರಲ್ಲಿ ವಿದ್ಯಾರ್ಥಿಗಳು ಕಟ್ಟಿದ ಕಡಲಾಮೆ ಸಂರಕ್ಷಣಾ ಕೂಟದವರು ಆಮೆ ಮೊಟ್ಟೆಯಿಡುವ ಕಾಲದಲ್ಲಿ ರಾತ್ರಿಯೆಲ್ಲ ಮರಳ ದಂಡೆಯಲ್ಲಿ ನಡೆದು ಗೂಡುಗಳ ಲೆಕ್ಕವಿಡುತ್ತ ಬಂದರು. ಓದು ಮುಗಿಸಿ ಹೋದವರ ಜಾಗಕ್ಕೆ ಹೊಸಬರು ಬರುತ್ತಿದ್ದರು.

ನಮಗೆ ಕಡಲಿಲ್ಲ, ಕೆರೆಯುಂಟು, ಹೊನ್ನಾಳಿಯಲ್ಲಿ ತುಂಗಭದ್ರೆಯುಂಟು, ಜಗಳೂರಿನಲ್ಲಿ 2011ರಲ್ಲಿ ಘೋಷಿತವಾದ ರಂಗಯ್ಯನದುರ್ಗದ ಕೊಂಡುಕುರಿ ಧಾಮವುಂಟು. ಏಷ್ಯಾ ಖಂಡದ ನೀರಹಕ್ಕಿ ಗಣತಿಯು 1987ರಿಂದ ಜನವರಿ ತಿಂಗಳಲ್ಲಿ ಸ್ವಯಂಸೇವಕರಿಂದಲೇ ನಡೆದುಬಂದಿದೆ. ನಮ್ಮದು ಕಲಾ ಕಾಲೇಜು, ಪ್ರಾಣಿಶಾಸ್ತ್ರದ ಪ್ರಯೋಗಶಾಲೆ ಇಲ್ಲವೆಂಬ ನೆಪ ಇಲ್ಲಿ ನಡೆಯದು. ಬೇಕಾದದ್ದು ಒಂದು ದುರ್ಬೀನು, ಒಂದು ಗಡಿಯಾರ, ಒಂದು ನೋಟುಪುಸ್ತಕ. ಪದವಿ ತರಗತಿಗೆ ಸೇರಿದವನು ಮೂರು ನಾಲ್ಕು ವರ್ಷಗಳಲ್ಲಿ ಹೊರಟುಹೋಗುವನು, ಕೆರೆಯ ಲೆಕ್ಕ ಮೂವತ್ತು ವರ್ಷ ಬೇಡುವುದು ಎಂಬುದೊಂದೇ ನಿಜವಾದ ತೊಡಕು. ಆದ್ದರಿಂದ ಪುಸ್ತಕ ಯಾವ ವಿದ್ಯಾರ್ಥಿಯ ಮನೆಯಲ್ಲೂ ಇರದೆ ಕಾಲೇಜಿನ ಗ್ರಂಥಭಂಡಾರದಲ್ಲಿರಲಿ. ಪ್ರತಿ ವರ್ಷದ ಮೊತ್ತ ಈ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಲಿ. ಬರುವ ಜನವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಸಿದ್ದನಾಲೆಯ ತೂಬಿನ ಬಳಿ ಒಂದು ಗುಂಪು, ಬಸವನಾಲೆಯ ತೂಬಿನ ಬಳಿ ಇನ್ನೊಂದು ಗುಂಪು ನಿಲ್ಲುವುದೆಂದು ನಾವು ಆರು ಮಂದಿ ಗೊತ್ತುಮಾಡಿಕೊಂಡಿದ್ದೇವೆ. ಬಲೆಯ ಆ ಹಿರಿಯರಿಗೂ ಹೇಳಿಬಂದಿದ್ದೇವೆ. "ಎಣಿಸ್ರಪ್ಪ, ಆದರೆ ಹಕ್ಕಿ ಏಳೋದು ಏಳು ಗಂಟೆಗಲ್ಲ, ಆರಕ್ಕೆ" ಎಂದರು. ಆರಕ್ಕೇ ಹೋಗಬೇಕಾದೀತು.