ರೋಗಿಯ ಮಾತೂ ಒಂದು ಪರೀಕ್ಷೆ

ಕೆಲ ವರ್ಷಗಳ ಹಿಂದೆ ನಡುವಯಸ್ಸಿನ ತಾಯಿಯೊಬ್ಬರು ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದಿದ್ದರು. ಬೆರಳುಗಳ ಚರ್ಮ ಬಿಗಿದು ಗಡುಸಾಗಿತ್ತು. ತಣ್ಣೀರು ಮುಟ್ಟಿದರೆ ಬೆರಳ ತುದಿ ಬಿಳಿಚಿ ನೀಲಿಗಟ್ಟುತ್ತಿತ್ತು. ಉಸಿರಾಟ ಹೇಗಿದೆಯೆಂದು ಕೇಳಿದರೆ, ‘ಪರವಾಗಿಲ್ರಿ’ ಎಂದರು. ಜೊತೆಗಿದ್ದ ಮಗಳು, ‘ಅವ್ವ ಅಂಗಳ ಗುಡಿಸೋದು ಬಿಟ್ಟು ಆರು ತಿಂಗಳಾತ್ರಿ’ ಎಂದಳು. ಆ ಒಂದು ಮಾತಿನ ಮೇಲೆಯೇ ಅವರನ್ನು ತಜ್ಞರಲ್ಲಿಗೆ ಕಳುಹಿಸಿದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ಹಾನಿ ಕಂಡುಬಂದಿತು.

ಇದು ಸಿಸ್ಟಮಿಕ್ ಸ್ಕ್ಲೀರೋಸಿಸ್ ಎಂಬ ವಿರಳ ವ್ಯಾಧಿ, ಸ್ತ್ರೀಯರಲ್ಲಿ ಹೆಚ್ಚು. ಚರ್ಮದಂತೆಯೇ ಶ್ವಾಸಕೋಶದ ಅಂಗಾಂಶವೂ ಗಡುಸಾಗುತ್ತದೆ. ಹೀಗಾದ ಭಾಗ ಮತ್ತೆ ಮೊದಲಿನಂತಾಗುವುದು ಕಷ್ಟ. ಆದ್ದರಿಂದ ರೋಗ ಮುಂದುವರಿಯದಂತೆ ತಡೆಯುವುದೇ ಚಿಕಿತ್ಸೆಯ ಮುಖ್ಯ ಗುರಿ.

2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 576 ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ನಿಂಟೆಡಾನಿಬ್ ಎಂಬ ಔಷಧವನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. ವರ್ಷವೊಂದರಲ್ಲಿ ಉಸಿರಿನ ಸಾಮರ್ಥ್ಯ ಎರಡನೆಯ ಗುಂಪಿನಲ್ಲಿ ಸುಮಾರು 93 ಮಿಲಿಲೀಟರ್ ಕುಗ್ಗಿದರೆ, ಔಷಧ ಪಡೆದವರಲ್ಲಿ ಸುಮಾರು 52 ಮಿಲಿಲೀಟರ್ ಮಾತ್ರ ಕುಗ್ಗಿತು. ಆದರೆ ಕೆಮ್ಮು, ಏದುಸಿರು, ದಿನಚರಿಯ ತೊಡಕುಗಳನ್ನು ಕುರಿತು ಪ್ರಶ್ನಾವಳಿಯ ಮೂಲಕ ರೋಗಿಗಳನ್ನೇ ಕೇಳಿದಾಗ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಔಷಧ ಪಡೆದವರಲ್ಲಿ ಮುಕ್ಕಾಲು ಪಾಲು ಜನರಿಗೆ ಭೇದಿಯೂ ಆಗಿತ್ತು.

ಇದರಿಂದ ಎರಡು ಸಂಗತಿಗಳನ್ನು ತಿಳಿಯಬೇಕು. ಗುಣ ಅನುಭವಕ್ಕೆ ಬಾರದೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ರೋಗದ ವೇಗ ಒಳಗೇ ತಗ್ಗುತ್ತಿರಬಹುದು. ಹಾಗೆಯೇ, ವರದಿ ಚೆನ್ನಾಗಿದೆಯೆಂದು ತಮ್ಮ ಕಷ್ಟವನ್ನು ಮುಚ್ಚಿಡಲೂಬಾರದು. ಭೇದಿಯಂತಹ ತೊಂದರೆ ತಿಳಿದರೆ ವೈದ್ಯರು ಔಷಧದ ಪ್ರಮಾಣವನ್ನು ಸರಿಪಡಿಸಬಲ್ಲರು. ಅಷ್ಟಾಂಗಹೃದಯವು ದರ್ಶನ, ಸ್ಪರ್ಶನಗಳ ಜೊತೆಗೆ ಪ್ರಶ್ನೆಯನ್ನೂ ರೋಗಪರೀಕ್ಷೆಯ ಅಂಗವಾಗಿ ಹೇಳಿದೆ. ಪ್ರಶ್ನೆಗೆ ನಿಜವಾದ ಉತ್ತರ ದೊರೆತಾಗಲೇ ಆ ಪರೀಕ್ಷೆ ಪೂರ್ಣವಾಗುತ್ತದೆ.

ಆದಕಾರಣ ಈ ರೋಗವುಳ್ಳವರು ಮನೆಯಲ್ಲೊಂದು ಪುಸ್ತಕವಿಟ್ಟು ವಾರಕ್ಕೊಮ್ಮೆ ಬರೆಯಲಿ: ಎಷ್ಟು ಮೆಟ್ಟಿಲಿಗೆ ಏದುಸಿರು ಬಂದಿತು? ಕೆಮ್ಮಿನಿಂದ ನಿದ್ರೆ ಕೆಟ್ಟಿತೇ? ಆಯಾಸ, ತೂಕ, ಭೇದಿ ಹೇಗಿವೆ? ಮುಖ್ಯವಾಗಿ, ಮೊದಲು ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ? ಬೆರಳು ಬಾಗದವರಿಗೆ ಮನೆಯವರು ಬರೆದುಕೊಡಲಿ. ಆಯುರ್ವೇದ ಔಷಧ ಸೇವಿಸುತ್ತಿದ್ದರೆ ಅದನ್ನೂ ನಮೂದಿಸಿ ತಜ್ಞರಿಗೆ ತೋರಿಸಬೇಕು.

ಆ ತಾಯಿ ‘ಪರವಾಗಿಲ್ರಿ’ ಎಂದಿದ್ದು ಸಂಕೋಚದಿಂದ. ವೈದ್ಯರ ಮುಂದೆ ಅಂತಹ ಸಂಕೋಚ ಬೇಡ.